ಉಡುಪಿ ಸೀರೆಯ ತೆಳು ಬಟ್ಟೆ ಮೇಲೆ ಸೂಜಿ ಕೆಲಸ: ಎಷ್ಟು ಭಾರ ಹಾಕಬಹುದು?

ಶಿರ್ವದ ಸೂಜಿ

ಎಲ್ಲರಿಗೂ ನಮಸ್ಕಾರ. ನಾನು 8 ವರ್ಷದಿಂದ ಮದುವೆ ಬ್ಲೌಸ್‌ಗಳಿಗೆ ಆರಿ ವರ್ಕ್, ಅಂದರೆ ಕೊಕ್ಕೆ ಸೂಜಿಯ ಕೆಲಸ, ಮಾಡುತ್ತಿದ್ದೇನೆ. ರೇಷ್ಮೆ ಬಟ್ಟೆ, ಅಡಿಯಲ್ಲಿ ಲೈನಿಂಗ್, ಸ್ಟ್ಯಾಂಡಿಗೆ ಬಿಗಿದು ಕಟ್ಟಿದರೆ ಚೆಂಡೆಯ ಹಾಗೆ ನಿಲ್ಲುತ್ತದೆ. ಮಣಿ, ಜರ್ದೋಸಿಯ ಲೋಹದ ಎಳೆ, ಕುಂದನ್ ಕಲ್ಲು ಎಂತ ಹಾಕಿದರೂ ಅದು ತಡೆಯುತ್ತದೆ. ನನ್ನ ಕೈ ಆ ಬಟ್ಟೆಗೇ ಒಗ್ಗಿಹೋಗಿದೆ.

ಈಗ ವಿಷಯ ಬೇರೆ. ಅಮ್ಮನ ಹತ್ತಿರ ಒಂದು ಹಳೆಯ ಉಡುಪಿ ಸೀರೆ ಇತ್ತು, ಕೈಮಗ್ಗದ ತೆಳು ಹತ್ತಿಯದು. ತಿಳಿ ಹಳದಿ, ಸಣ್ಣ ಚೌಕಳಿ, ಕೆಂಪು ಅಂಚು. ನಡುವಿನ ಭಾಗ ಹರಿದಿದೆ, ಸೆರಗು ಗಟ್ಟಿ ಉಂಟು. ಅದನ್ನು ಎಸೆಯಲಿಕ್ಕೆ ಮನಸ್ಸಾಗಲಿಲ್ಲ. ಒಳ್ಳೆಯ ಭಾಗವನ್ನು ಕತ್ತರಿಸಿ, ಅದರ ಮೇಲೆ ನಮ್ಮ ಊರಿನದೇ ಡಿಸೈನ್ ಮಾಡೋಣ ಅಂತ ಹೊರಟೆ. ಮೊದಲ ತುಂಡಿಗೆ ಎಂದಿನಂತೆ ಮಣಿ, ಜರ್ದೋಸಿ ಹಾಕಿದೆ. ಸ್ಟ್ಯಾಂಡಿನಲ್ಲಿ ಇದ್ದಾಗ ತುಂಬಾ ಚಂದ ಕಂಡಿತು. ಬಿಚ್ಚಿದ ಕೂಡಲೇ ಹೂವಿನ ಸುತ್ತ ಬಟ್ಟೆ ಮುದುಡಿಕೊಂಡಿತು. ಎತ್ತಿ ಹಿಡಿದರೆ ಮಣಿ ಇದ್ದ ಕಡೆ ಜೋತು ಬೀಳುತ್ತದೆ. ಬೆಳಕಿಗೆ ಹಿಡಿದರೆ ಆರಿ ಸೂಜಿ ಹೋದ ದಾರಿಯಲ್ಲೆಲ್ಲ ಎಳೆ ಸರಿದು ಸಣ್ಣ ಕಿಂಡಿ. ಎರಡು ದಿನ ಬೇಜಾರಿನಲ್ಲಿ ಸೂಜಿ ಮುಟ್ಟಲಿಲ್ಲ.

ತೆಳು ಹತ್ತಿ ಕೈಮಗ್ಗದ ಬಟ್ಟೆ ಮೇಲೆ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಯಾವ ಹೊಲಿಗೆ, ಎಷ್ಟು ಎಳೆ, ಅಡಿಗೆ ಎಂತ ಇಡುವುದು? ಸೋತ ಪ್ರಯೋಗಗಳಿದ್ದರೆ ಅವನ್ನೂ ಹೇಳಿ. ನನಗೆ ಅವೇ ಜಾಸ್ತಿ ಬೇಕು.

ಧಾರವಾಡದ ಸೊಸೆ, ಕದ್ರಿ

ಅಕ್ಕ, ನಾನು ಮದುವೆಯಾಗಿ ಮಂಗಳೂರಿಗೆ ಬಂದವಳು. ಅಜ್ಜಿಯಿಂದ ನಮ್ಮ ಧಾರವಾಡದ ಕಸೂತಿ, ಅಂದರೆ ಎಳೆ ಎಣಿಸಿ ಹಾಕುವ ಹೊಲಿಗೆ, ಕಲಿತಿದ್ದೇನೆ. ಆರಿ ಬಟ್ಟೆಯ ಮೇಲೆ ಕೂರುವ ಕೆಲಸ, ಕಸೂತಿ ಬಟ್ಟೆಯ ಒಳಗೆ ಸೇರುವ ಕೆಲಸ. ನಿಮ್ಮ ಬಟ್ಟೆಗೆ ಎರಡನೆಯದು ಹೊಂದುತ್ತದೆ ಅಂತ ನನಗನ್ನಿಸುತ್ತದೆ.

ಕಸೂತಿಯಲ್ಲಿ ನಾಲ್ಕು ಹೊಲಿಗೆ. ಗಾವಂತಿಯಲ್ಲಿ ಒಂದು ಸಲ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು ಖಾಲಿ ಬಿಟ್ಟ ಜಾಗ ತುಂಬಬೇಕು. ಮುರ್ಗಿ ಅದೇ ಹೊಲಿಗೆ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಈ ಎರಡೂ ಹಿಂದೆ ಮುಂದೆ ಒಂದೇ ಥರ ಕಾಣುತ್ತವೆ. ನೇಗಿ ಅಂದರೆ ನೇಯ್ದ ಹಾಗೆ ಕಾಣುವ ಉದ್ದುದ್ದ ಹೊಲಿಗೆ. ಮೆಂತಿ ನೀವೆಲ್ಲ ಹಾಕುವ ಗುಣಿಸು ಗುರುತಿನ ಕ್ರಾಸ್ ಹೊಲಿಗೆ, ನಾಲ್ಕರಲ್ಲಿ ಭಾರದ್ದು ಅದೇ. ಗೆರೆ ಬರೆಯುವುದಿಲ್ಲ, ಗಂಟು ಹಾಕುವುದಿಲ್ಲ. ಎಳೆ ಎಣಿಸುವುದೇ ಕೆಲಸ. ಬಟ್ಟೆಯನ್ನು ಡೋಲಿನ ಹಾಗೆ ಬಿಗಿಯುವುದೂ ಬೇಡ. ನನ್ನ ಅಜ್ಜಿ ತೊಡೆಯ ಮೇಲೆ ಹರಡಿಕೊಂಡೇ ಹಾಕುತ್ತಿದ್ದರು. ಬಿಗಿದು ಹೊಲಿದ ಬಟ್ಟೆ ಬಿಟ್ಟಾಗ ಮುದುಡುವುದು ಸಹಜ. ಸಡಿಲ ಬಟ್ಟೆ ಮೇಲೆ ಹೊಲಿದರೆ ನೀವು ದಾರ ಎಷ್ಟು ಎಳೆದಿರಿ ಅಂತ ಆಗಲೇ ಗೊತ್ತಾಗುತ್ತದೆ.

ತೊಂದರೆ ಒಂದು ಉಂಟು. ನಮ್ಮ ಇಳಕಲ್ ಸೀರೆಯಲ್ಲಿ ಎಳೆ ಎಣಿಸಿದ್ದಕ್ಕಿಂತ ಉಡುಪಿ ಸೀರೆಯಲ್ಲಿ ಎಣಿಸುವುದು ನನಗೆ ಕಷ್ಟವಾಯಿತು. ನಾನು ಒಮ್ಮೆ ಪ್ರಯತ್ನಿಸಿ ಅರ್ಧ ಗಂಟೆಗೆ ಕಣ್ಣು ಉರಿ ಬಂತು. ಆದರೆ ನಿಮ್ಮ ಸೀರೆಯಲ್ಲಿ ಚೌಕಳಿ ಉಂಟಲ್ಲ! ಅದನ್ನೇ ಅಳತೆಯಾಗಿ ಹಿಡಿಯಿರಿ. ಒಂದು ಚೌಕಕ್ಕೆ ಇಷ್ಟು ಹೊಲಿಗೆ ಅಂತ ಲೆಕ್ಕ ಇಟ್ಟರೆ ಎಳೆ ಎಣಿಸುವುದು ಬೇಕಾಗಿಲ್ಲ. ಚೌಕಳಿ ಇಲ್ಲದ ಬಟ್ಟೆಯಾದರೆ ಮೇಲೆ ಕ್ಯಾನ್ವಾಸ್ ನೆಟ್ ಕಚ್ಚಾ ಹೊಲಿಗೆ ಹಾಕಿ ಕೂರಿಸಿ, ಅದರ ಕಿಂಡಿ ನೋಡಿ ಹೊಲಿದು, ಕೊನೆಗೆ ನೆಟ್ಟಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ.

ಮಗ್ಗದ ಮನೆ, ಕಿನ್ನಿಗೋಳಿ

ನಮ್ಮದು ನೇಕಾರರ ಮನೆ. ಅಪ್ಪ ಅಮ್ಮ ಇಬ್ಬರೂ ಮಗ್ಗದಲ್ಲಿ ಕೂತವರು. ಅಮ್ಮ ಈಗಲೂ ಕೂರುತ್ತಾರೆ. ಹಾಗಾಗಿ ಸ್ವಲ್ಪ ನೇರವಾಗಿ ಬರೆಯುತ್ತೇನೆ, ತಪ್ಪು ತಿಳಿಯಬೇಡಿ.

ಉಡುಪಿ ಸೀರೆ ಹಗುರವಾಗಿರಲಿ ಅಂತಲೇ ನೇಯುವುದು. ನಮ್ಮ ಸೆಕೆಗೆ, ಬೆವರಿಗೆ, ದಿನಾ ಒಗೆಯುವ ಮನೆಗೆಲಸಕ್ಕೆ ಹೊಂದುವ ಬಟ್ಟೆ ಅದು. ಅದಕ್ಕೆ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿದೆ. ನಮ್ಮಲ್ಲಿ 80 ಕೌಂಟ್ ನೂಲು ಹಾಕುತ್ತೇವೆ. ಕೌಂಟ್ ಅಂದರೆ ಎಂತ ಅಂತ ಕೆಲವರಿಗೆ ಗೊತ್ತಿಲ್ಲ, ಹೇಳುತ್ತೇನೆ. 840 ಗಜದ ಒಂದು ಲಡಿ. ಅಂಥ 80 ಲಡಿ ಸೇರಿದರೆ 1 ಪೌಂಡ್. ಅಂದರೆ ಅರ್ಧ ಕಿಲೋಗೂ ಕಡಿಮೆ ತೂಕದ ನೂಲನ್ನು ಬಿಚ್ಚಿ ಉದ್ದಕ್ಕೆ ಹಾಸಿದರೆ 61 ಕಿಲೋಮೀಟರ್! ಇಲ್ಲಿಂದ ಉಡುಪಿಗೆ ಹೋಗಿ ಮುಗಿದ ಮೇಲೂ ಉಳಿಯುತ್ತದೆ. ಅಷ್ಟು ಸಣ್ಣ ಎಳೆ. ಅದರ ಮೇಲೆ ಜರ್ದೋಸಿ ಹಾಕಿದರೆ ಅದು ಹೇಗೆ ತಡೆಯಬೇಕು ಹೇಳಿ?

ಇನ್ನೊಂದು ವಿಷಯ. ಹೊಸ ಬಟ್ಟೆ ಗಟ್ಟಿಯಾಗಿ ಕಾಣುವುದು ಗಂಜಿಯಿಂದ. ಹಾಸಿನ ನೂಲಿಗೆ, ಅಂದರೆ ಉದ್ದಕ್ಕೆ ಹಾಯುವ ಎಳೆಗೆ, ಗಂಜಿ ಕೊಡದಿದ್ದರೆ ಮಗ್ಗದಲ್ಲಿ ತುಂಡಾಗುತ್ತದೆ. ಆ ಗಟ್ಟಿತನ ನಂಬಿ ಹೊಲಿದರೆ, ಮೊದಲ ಒಗೆತಕ್ಕೆ ಗಂಜಿ ಹೋಗಿ, ಬಟ್ಟೆ ಕುಗ್ಗಿ, ದಾರ ಮಾತ್ರ ಹಾಗೇ ಉಳಿಯುತ್ತದೆ. ಆಗಲೂ ಮುದುಡುತ್ತದೆ. ಹೊಸ ಬಟ್ಟೆಯಾದರೆ ಮೊದಲು ಎರಡು ಸಲ ಒಗೆದು, ಗಂಜಿ ಪೂರ್ತಿ ತೆಗೆದು ಸೂಜಿ ಮುಟ್ಟಿ.

ನನ್ನ ಮಾತು ಇಷ್ಟೇ. ಇಡೀ ಸೀರೆಯನ್ನು ದಯವಿಟ್ಟು ವರ್ಕ್ ಸೀರೆ ಮಾಡಬೇಡಿ. ಹರಿದ ಸೀರೆಗೆ ಎರಡನೇ ಜೀವ ಕೊಡುವುದಾದರೆ ನನಗೂ ಸಂತೋಷ.

ಶಿರ್ವದ ಸೂಜಿ

ಅಣ್ಣ, ತಪ್ಪು ಎಂತ ತಿಳಿಯುವುದು? ನೀವು ಹೇಳಿದ್ದು ನನಗೆ ನೇರವಾಗಿ ತಾಗಿತು. ನಾನು ಇಷ್ಟು ವರ್ಷ ಬಟ್ಟೆಯನ್ನು ಬರೀ ನೆಲ ಅಂತ ನೋಡಿದ್ದೆ, ಮೇಲೆ ಬರುವುದೇ ಮುಖ್ಯ ಅಂತ. ಸೀರೆ ಹರಿದದ್ದೇ, ಇಡೀ ಸೀರೆ ಕತ್ತರಿಸುವವಳಲ್ಲ ನಾನು.

ಈ ವಾರ ಮಾಡಿದ್ದನ್ನು ಬರೆಯುತ್ತೇನೆ. ಅಂಗೈ ಅಗಲದ 6 ತುಂಡು ಕತ್ತರಿಸಿಕೊಂಡೆ. ಒಂದೇ ಮಲ್ಲಿಗೆ ಮೊಗ್ಗನ್ನು ಎಲ್ಲದರ ಮೇಲೂ ಹಾಕಿದೆ. ಅಂಗಡಿಯಲ್ಲಿ ಸಿಗುವ ಕಸೂತಿ ದಾರದ ಲಡಿಯಲ್ಲಿ 6 ಎಳೆ ಇರುತ್ತದೆ ಅಲ್ವಾ, 6 ಎಳೆ ಪೂರ್ತಿ ಹಾಕಿದ ತುಂಡು ಹಲಗೆಯ ಹಾಗೆ ಆಯಿತು. 3 ಎಳೆಯಲ್ಲಿ ಮೊಗ್ಗು ಚಂದ, ಸುತ್ತಲಿನ ಬಟ್ಟೆ ಸುಕ್ಕು. 2 ಎಳೆ ಪರವಾಗಿಲ್ಲ. 1 ಎಳೆಯಲ್ಲಿ ಹಾಕಿದ್ದು ದೂರಕ್ಕೆ ಕಾಣುವುದೇ ಇಲ್ಲ, ಆದರೆ ಕೈಯಲ್ಲಿ ಹಿಡಿದರೆ ಬಟ್ಟೆಯಲ್ಲೇ ಹುಟ್ಟಿದ ಹಾಗೆ ಉಂಟು. ತುಂಬು ಹೊಲಿಗೆಗಿಂತ ಗೆರೆ ಹೊಲಿಗೆ ಎಲ್ಲ ತುಂಡಿನಲ್ಲೂ ಚೆನ್ನಾಗಿ ಕೂತಿತು. ಸೂಜಿಯೂ ಮುಖ್ಯ. ಕಸೂತಿ ಸೂಜಿಯಲ್ಲಿ ನಂಬರ್ ಜಾಸ್ತಿಯಾದ ಹಾಗೆ ಸೂಜಿ ಸಣ್ಣದಾಗುತ್ತದೆ. ನಾನು 7 ಬಿಟ್ಟು 10ಕ್ಕೆ ಬಂದೆ. ಕಿಂಡಿ ಬೀಳುವುದು ನಿಂತಿತು.

ಇನ್ನು ಬಾಳೆ ನಾರು. ನಮ್ಮ ಪಕ್ಕದ ಶಂಕರಪುರದ ಮಲ್ಲಿಗೆ ನಿಮಗೆಲ್ಲ ಗೊತ್ತು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಕಟ್ಟುವುದು ಬಾಳೆ ನಾರಿನಲ್ಲಿ. ಪಕ್ಕದ ಮನೆ ಅಕ್ಕ ಬೆಳಿಗ್ಗೆ ಹೂ ಕಟ್ಟುವುದನ್ನು ಸಣ್ಣಂದಿನಿಂದ ನೋಡಿದ್ದೇನೆ. ಎರಡೆರಡು ಮೊಗ್ಗು ಇಟ್ಟು, ಒಂದು ಸುತ್ತು, ಒಂದು ಜಗ್ಗು. ಈ ಸಲ ನೋಡುವಾಗ ತಲೆಗೆ ಹೊಳೆಯಿತು, ಇದು ನಮ್ಮ ಕೌಚಿಂಗ್ ಅಲ್ಲವಾ? ದಪ್ಪದ್ದನ್ನು ಮೇಲೆ ಇಟ್ಟು ತೆಳುವಾದುದರಿಂದ ಅಲ್ಲಲ್ಲಿ ಕಟ್ಟುವುದು. ದಪ್ಪದ್ದು ಬಟ್ಟೆಯನ್ನು ತೂರುವುದೇ ಇಲ್ಲ. ತೆಳು ಬಟ್ಟೆಗೆ ಇದಕ್ಕಿಂತ ಒಳ್ಳೆಯ ದಾರಿ ಉಂಟಾ?

ಅವರಿಂದ ನಾರು ತಂದು ಸಪೂರ ಸೀಳಿ, ಬಟ್ಟೆ ಮೇಲೆ ಇಟ್ಟು, 1 ಎಳೆ ಬಿಳಿ ದಾರದಲ್ಲಿ ಕಟ್ಟಿದೆ. ಮೊದಲ ಸಲ ಒಣ ನಾರು, ಬಳುಕಿಸುವಾಗ ಸೀಳಿತು. ಎರಡನೇ ಸಲ ನೆನೆಸಿ ಹಾಕಿದೆ, ಒಣಗುವಾಗ ಬಿಗಿದು ಬಟ್ಟೆಯನ್ನು ಎಳೆಯಿತು. ಮೂರನೇ ಸಲ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬರೀ ತೇವ ಇರುವಾಗ ಸ್ವಲ್ಪ ಸಡಿಲ ಬಿಟ್ಟು ಕಟ್ಟಿದೆ. ನಿಂತಿತು! ಒಣಗಿದ ಮೇಲೆ ಹಳದಿ ಬಟ್ಟೆ ಮೇಲೆ ಅದರ ಬಣ್ಣ ನೋಡಬೇಕು ನೀವು.

ಪಡುಬಿದ್ರೆ ಟೈಲರ್

ನಾರಿನ ಕೆಲಸದ ಬಗ್ಗೆ ಓದಿ ಖುಷಿಯಾಯಿತು. ಮೆಷಿನ್‌ನವರ ಮಾತೂ ಒಂದು ಇರಲಿ. ಕಾಲಲ್ಲಿ ತುಳಿಯುವ ಹಳೆಯ ಮೆಷಿನ್‌ನಲ್ಲೂ ಚಿತ್ರ ಬಿಡಿಸಿದ ಹಾಗೆ ಹೊಲಿಯಬಹುದು. ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲನ್ನು ಕೆಳಗಿಳಿಸಿ. ಇಳಿಯದ ಮೆಷಿನ್ ಆದರೆ ಅದರ ಮೇಲೆ ಪ್ಲೇಟ್ ಮುಚ್ಚಿ. ಫೂಟ್ ತೆಗೆಯಿರಿ. ಬಟ್ಟೆ ಬಿಗಿಯುವ ರಿಂಗನ್ನು ತಲೆಕೆಳಗಾಗಿ ಹಾಕಿ, ಬಟ್ಟೆ ಪ್ಲೇಟಿಗೆ ತಾಗಿ ಕೂರಬೇಕು. ಈಗ ಬಟ್ಟೆಯನ್ನು ಎತ್ತ ತಳ್ಳುತ್ತೀರೋ ಅತ್ತ ಗೆರೆ. ಹೊಲಿಯುವಾಗ ಫೂಟ್ ಇಲ್ಲದಿದ್ದರೂ ಅದರ ಲಿವರ್ ಇಳಿಸಿಯೇ ಇರಬೇಕು. ಮರೆತರೆ ಮೇಲಿನ ದಾರಕ್ಕೆ ಬಿಗಿ ಸಿಗದೆ ಅಡಿಯಲ್ಲಿ ಗೋಜಲು ಆಗುತ್ತದೆ. ಬೆರಳು ಸೂಜಿಯಿಂದ ದೂರ ಇರಲಿ, ಇದು ಮುಖ್ಯ.

ತೆಳು ಬಟ್ಟೆಗೆ ಅಡಿಯಲ್ಲಿ ಪೇಪರ್ ಇಡಿ, ಆಮೇಲೆ ಹರಿದು ತೆಗೆಯಬಹುದು. ನ್ಯೂಸ್‌ಪೇಪರ್ ಬೇಡ, ಶಾಯಿ ಹತ್ತುತ್ತದೆ. ಬೇಕರಿಯಲ್ಲಿ ಕೊಡುವ ತೆಳು ಬಿಳಿ ಕಾಗದ ಸಾಕು. ದಪ್ಪ ದಾರ ಬೇಕಾದರೆ ಅದನ್ನು ಬಾಬಿನ್‌ಗೆ ಕೈಯಲ್ಲಿ ಸುತ್ತಿ, ಬಾಬಿನ್ ಕೇಸಿನ ಸ್ಕ್ರೂ ಸ್ವಲ್ಪ ಸಡಿಲ ಮಾಡಿ, ಬಟ್ಟೆಯನ್ನು ಮಗುಚಿ ಹಾಕಿ ಹೊಲಿಯಿರಿ. ದಪ್ಪ ದಾರ ಸೂಜಿ ಕಣ್ಣಿನಲ್ಲಿ ಹೋಗುವುದಿಲ್ಲ, ಬಟ್ಟೆಯನ್ನು ತೂರುವುದೂ ಇಲ್ಲ, ಅಡಿಯಲ್ಲಿ ಕೂರುತ್ತದೆ. ಮಗುಚಿದರೆ ಅದೇ ಮೇಲ್ಬದಿ. ಅಕ್ಕ ನಾರಲ್ಲಿ ಕೈಯಿಂದ ಮಾಡಿದ್ದೇ ಇಲ್ಲಿ ಮೆಷಿನ್‌ನಿಂದ ಆಗುತ್ತದೆ.

ಮಣಿಪಾಲದಿಂದ ವಿದ್ಯಾರ್ಥಿನಿ

ನಾನು ವಿನ್ಯಾಸ ಓದುತ್ತಿದ್ದೇನೆ. ಸೋತ ಪ್ರಯೋಗ ಕೇಳಿದಿರಲ್ಲ ಅಕ್ಕ, ನನ್ನದು ಕೇಳಿ.

ಹೊಲಿದು, ಎಳೆದು, ಬಣ್ಣಕ್ಕೆ ಅದ್ದುವ ಕೆಲಸ ಮಾಡುತ್ತಿದ್ದೇನೆ. ಜಪಾನಿನವರು ಶಿಬೋರಿ ಅನ್ನುತ್ತಾರೆ. ಗಟ್ಟಿ ದಾರ ಜೋಡಿ ಮಾಡಿ ಸಾಲಾಗಿ ಕಚ್ಚಾ ಹೊಲಿಗೆ, ಆಮೇಲೆ ಎಲ್ಲ ದಾರ ಜಗ್ಗಿ ಬಟ್ಟೆಯನ್ನು ಸುರುಟಿ ಗಂಟು. ಮಡಿಕೆಯ ಒಳಗೆ ಬಣ್ಣ ಹೋಗುವುದಿಲ್ಲ. ಬಿಚ್ಚಿದರೆ ಮರದ ಹಲಗೆಯ ಗೆರೆಗಳ ಹಾಗೆ ಬರುತ್ತದೆ. ಬಣ್ಣಕ್ಕೆ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು, ತರಿಸಿದೆ. ನಮ್ಮ ಕರಾವಳಿಯಲ್ಲಿ ಅಡಿಕೆಯನ್ನು ಹೆಚ್ಚಾಗಿ ಬಿಸಿಲಿಗೆ ಹಾಕಿ ಚಾಲಿ ಮಾಡುತ್ತಾರೆ. ಚೊಗರು ಬರುವುದು ಹಸಿ ಅಡಿಕೆ ಬೇಯಿಸುವ ಘಟ್ಟದ ಮೇಲೆ. ತೀರ್ಥಹಳ್ಳಿಯ ದೊಡ್ಡಮ್ಮನ ಮನೆಯಿಂದ ಒಂದು ಬಾಟಲಿ ಬಂತು. ಒಳ್ಳೆಯ ಕೆಂಗಂದು ಬಣ್ಣ.

ಒಣಗಿದ ಮೇಲೆ ಅದರ ಮೇಲೆ ಗಾವಂತಿ ಹಾಕಲು ಶುರು ಮಾಡಿದೆ. ಜುಲೈ ತಿಂಗಳು, ಮಳೆ ಬಿಡುತ್ತಲೇ ಇರಲಿಲ್ಲ. ನಿದ್ದೆ ಬಂತು ಅಂತ ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು ಮಲಗಿದೆ. ಮರುದಿನ ಮನೆಗೆ ಹೋಗಿ ಮೂರು ದಿನ ಬಿಟ್ಟು ಬಂದೆ. ಸೂಜಿ ಇದ್ದ ಜಾಗದಲ್ಲಿ ಉದ್ದಕ್ಕೆ ಕಪ್ಪು ಗೆರೆ! ತುಕ್ಕಿನ ಕಂದು ಅಲ್ಲ, ಶಾಯಿ ಹಾಗೆ ಕಪ್ಪು. ಸೋಪು ಹಾಕಿ ಉಜ್ಜಿದೆ, ಹೋಗಲಿಲ್ಲ. ಮೂರು ವಾರದ ಕೆಲಸ ಅದು. ಅತ್ತುಬಿಟ್ಟೆ.

ಕಾರ್ಕಳದ ಕೆಮಿಸ್ಟ್ರಿ ಮಾಸ್ಟ್ರು

ಅಳಬೇಡ ಮಗಾ. ಶಾಯಿ ಹಾಗೆ ಅಂದೆಯಲ್ಲ, ಅದು ನಿಜವಾಗಿಯೂ ಶಾಯಿಯೇ. ಅಡಿಕೆಯಲ್ಲಿ ಒಗರು ರುಚಿ ಕೊಡುವ ಅಂಶ ಟ್ಯಾನಿನ್. ಟ್ಯಾನಿನ್‌ಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಹಳೆಯ ಕಾಲದ ಬರೆಯುವ ಶಾಯಿಯನ್ನೂ ಹೀಗೇ ಮಾಡುತ್ತಿದ್ದರು. ಕಲಂಕಾರಿಯ ಕಪ್ಪು ಗೆರೆಯೂ ಇದೇ. ಬಟ್ಟೆಯನ್ನು ಅಳಲೆಕಾಯಿ ನೀರಿನಲ್ಲಿ ಅದ್ದಿ, ಬೆಲ್ಲದ ಜೊತೆ ಕೊಳೆಸಿದ ಕಬ್ಬಿಣದ ನೀರಿನಲ್ಲಿ ಬರೆಯುತ್ತಾರೆ. ನಿನ್ನ ಸೂಜಿ, ನಮ್ಮ ಮಳೆಗಾಲದ ತೇವ, ದೊಡ್ಡಮ್ಮನ ಚೊಗರು ಮೂರೂ ಸೇರಿ ಅದೇ ಕೆಲಸ ಮಾಡಿವೆ.

ಲಿಂಬೆ ಹುಳಿ ಹಾಕಿದರೆ ಸ್ವಲ್ಪ ತಿಳಿಯಾದೀತು, ಸುತ್ತಲಿನ ಬಣ್ಣವೂ ಮಾಸುತ್ತದೆ. ನನ್ನ ಸಲಹೆ ಬೇರೆ. ಆ ಗೆರೆಯನ್ನು ಇಟ್ಟುಕೋ. ಬೇಕೆಂದೇ ಹಳೆಯ ಮೊಳೆ, ಬೀಗದ ಕೈ, ಸೂಜಿಗಳನ್ನು ಜೋಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡು. ಆದರೆ ಒಂದು ಎಚ್ಚರ. ಕಬ್ಬಿಣ ಜಾಸ್ತಿ ಆದರೆ ಹತ್ತಿಯ ಎಳೆ ಕಾಲಕ್ರಮೇಣ ಜೀರ್ಣವಾಗುತ್ತದೆ. ಬೇಕಾದಷ್ಟು ಕಪ್ಪು ಬಂದ ಕೂಡಲೇ ಬಿಚ್ಚಿ ಚೆನ್ನಾಗಿ ತೊಳೆ. 80 ಕೌಂಟಿನ ಬಟ್ಟೆಗೆ ಇದನ್ನು ಮಾಡಬೇಡ, ಸ್ವಲ್ಪ ದಪ್ಪದ್ದು ತೆಗೆದುಕೋ.

ಮಣಿಪಾಲದಿಂದ ವಿದ್ಯಾರ್ಥಿನಿ

ಮಾಸ್ಟ್ರೇ, ಥ್ಯಾಂಕ್ಸ್. ಆ ಗೆರೆಯನ್ನೇ ಬಲೆಯ ಒಂದು ಎಳೆ ಮಾಡಿ, ಉಳಿದ ಎಳೆಗಳನ್ನು ಕಪ್ಪು ದಾರದಲ್ಲಿ ಹೊಲಿಯುತ್ತಿದ್ದೇನೆ. ಮಲ್ಪೆಯ ಬಂದರಿನಲ್ಲಿ ಬಲೆ ನೇತು ಹಾಕಿರುತ್ತಾರಲ್ಲ, ಹಾಗೆ.

ಮಲ್ಪೆ ತೀರ

ತೇವದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕಡಲ ಹತ್ತಿರದ ಮನೆಯಲ್ಲಿ ತಾಮ್ರದ ಎಳೆಯ ಜರಿ, ಜರ್ದೋಸಿ ಬೇಗ ಕಪ್ಪಾಗುತ್ತದೆ. ಬೆಳ್ಳಿಯ ಅಸಲಿ ಜರಿಯೂ ಮಂಕಾಗುತ್ತದೆ. ಪ್ಲಾಸ್ಟಿಕ್ ಜರಿ ಹಾಗೇ ಇರುತ್ತದೆ. ನೋಡಲಿಕ್ಕೆ ಅಷ್ಟು ಚಂದ ಇಲ್ಲ, ಆದರೆ ದಿನಬಳಕೆಗೆ ಅದೇ ಸೈ. ಕೆಲಸ ಮಾಡಿದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಬೂಸು ಹಿಡಿಯುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಸೂಜಿಗಳನ್ನು ಡಬ್ಬಿಯಲ್ಲಿ ಸ್ವಲ್ಪ ಮೆಷಿನ್ ಎಣ್ಣೆ ಹಚ್ಚಿದ ಬಟ್ಟೆಗೆ ಚುಚ್ಚಿಡಿ, ತೆಗೆದಾಗ ಒರೆಸಿ.

ವೇಷದ ಪೆಟ್ಟಿಗೆ, ಬ್ರಹ್ಮಾವರ

ನಾನು ಯಕ್ಷಗಾನದ ವೇಷಭೂಷಣದ ಕೆಲಸ ಮಾಡುವವನು. ಎರಡು ದಿನದಿಂದ ಓದುತ್ತಿದ್ದೇನೆ. ಭಾರದ ಪ್ರಶ್ನೆಗೆ ನಮ್ಮಲ್ಲಿ ಹಿರಿಯರು ಒಂದು ದಾರಿ ಮಾಡಿಟ್ಟಿದ್ದಾರೆ.

ರಾಜವೇಷ ನೋಡಿ. ಎದೆಪದಕ, ಭುಜಕೀರ್ತಿ, ಡಾಬು, ಕಿರೀಟ ಎಲ್ಲ ಮಿನುಗುತ್ತದೆ. ಅದರಲ್ಲಿ ಯಾವುದನ್ನೂ ಬಟ್ಟೆಗೆ ಹೊಲಿದಿರುವುದಿಲ್ಲ. ಹಗುರ ಮರವನ್ನು ಕೆತ್ತಿ, ಬೇಗಡೆ ಅಂದರೆ ಮಿನುಗುವ ತೆಳು ಹಾಳೆ ಅಂಟಿಸಿ, ಕನ್ನಡಿ ಚೂರು ಕೂರಿಸಿ, ಬೇರೆಯಾಗಿಯೇ ಕಟ್ಟುವುದು. ಅಡಿಯಲ್ಲಿ ಇರುವುದು ಸಾದಾ ದಗಲೆ ಅಂದರೆ ಅಂಗಿ, ಸೊಂಟಕ್ಕೆ ಉಡುವ ಚೌಕಳಿಯ ಕಸೆ ಸೀರೆ. ರಾತ್ರಿಯಿಡೀ ಕುಣಿದು ಬೆವರಿದ ಬಟ್ಟೆಯನ್ನು ಒಗೆಯಬೇಕಲ್ಲ? ಆಭರಣ ಬಿಚ್ಚಿ ಪೆಟ್ಟಿಗೆಗೆ, ಬಟ್ಟೆ ನೀರಿಗೆ. ಎರಡಕ್ಕೂ ಬಾಳಿಕೆ.

ನೀವೂ ಹೀಗೆ ಮಾಡಬಹುದು ಅಮ್ಮ. ಮಣಿಯ ಕೆಲಸವನ್ನು ಗಟ್ಟಿ ಬಟ್ಟೆಯ ಪಟ್ಟಿಯ ಮೇಲೆ ಬೇರೆಯಾಗಿ ಮಾಡಿ. ಸೀರೆಗೆ ಅಲ್ಲಲ್ಲಿ ಕಚ್ಚಾ ಹೊಲಿಗೆ ಅಥವಾ ಸಣ್ಣ ಹುಕ್ಕು ಹಾಕಿ ಸೇರಿಸಿ. ಒಗೆಯುವಾಗ ಬಿಚ್ಚಿ.

ಇನ್ನೊಂದು ಮಾತು. ನಮ್ಮಲ್ಲಿ ದೂರದಿಂದ ನೋಡುವವರಿಗೆ ಕೆಲಸ ಮಾಡುತ್ತೇವೆ. ಹತ್ತಿರದಿಂದ ನೋಡಿದರೆ ಕನ್ನಡಿಗಳ ನಡುವೆ ತುಂಬಾ ಖಾಲಿ ಜಾಗ ಇರುತ್ತದೆ. ಆ ಖಾಲಿ ಜಾಗ ಇದ್ದುದಕ್ಕೇ ಬೆಳಕು ಆಡುವುದು.

ಧಾರವಾಡದ ಸೊಸೆ, ಕದ್ರಿ

ಅಣ್ಣ, ಇದನ್ನು ಓದಿ ನನಗೆ ಕೌದಿ ನೆನಪಾಯಿತು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಕಚ್ಚಾ ಹೊಲಿಗೆ ಹಾಕಿದರೆ ಎಷ್ಟು ಗಟ್ಟಿಯಾಗುತ್ತದೆ! ಉತ್ತರ ಕನ್ನಡದ ಸಿದ್ದಿ ಹೆಂಗಸರು ಅಂಚಿನಿಂದ ಶುರು ಮಾಡಿ ನಡುವಿಗೆ ಬರುತ್ತಾರೆ, ಮೂಲೆಗಳಲ್ಲಿ ಮಡಚಿದ ಬಟ್ಟೆಯ ಹೂ ಇಡುತ್ತಾರೆ. ಅಕ್ಕ, ಆ ಪಟ್ಟಿಗೆ ಬೇರೆ ಬಟ್ಟೆ ಯಾಕೆ? ಹರಿದ ನಡುವಿನ ಭಾಗವನ್ನೇ ಮೂರು ಪದರ ಮಾಡಿ, ಸಾಲು ಸಾಲು ಕಚ್ಚಾ ಹೊಲಿಗೆ ಹಾಕಿ. ಆ ಸಾಲುಗಳೇ ಅರ್ಧ ಅಲಂಕಾರ.

ಒಂದು ಸಾಲು ತೇರನ್ನೂ ಹಾಕಿ ನೋಡಿ. ನಮ್ಮ ಕಸೂತಿಯಲ್ಲಿ ತೇರು ಉಂಟು, ಆದರೆ ನಿಮ್ಮ ಉಡುಪಿ ರಥಬೀದಿಯ ತೇರಿನ ಮೇಲ್ಭಾಗ ಗುಂಡಗೆ. ಕಸೂತಿಯಲ್ಲಿ ಗುಂಡು ಗೆರೆ ಬರುವುದಿಲ್ಲ, ಮುರ್ಗಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಿರುಗಿಸಬೇಕು. ನಾನು ಗ್ರಾಫ್ ಹಾಳೆಯಲ್ಲಿ ನಾಲ್ಕು ಸಲ ಬರೆದು ಅಳಿಸಿದ್ದೇನೆ. ಸರಿಯಾದಾಗ ಹಾಕುತ್ತೇನೆ.

ಶಿರ್ವದ ಸೂಜಿ

ಪಟ್ಟಿ ಮುಗಿಯಿತು! 4 ಇಂಚು ಅಗಲ, ಸೆರಗಿನಷ್ಟು ಉದ್ದ. ಹರಿದ ಭಾಗವೇ ಮೂರು ಪದರ. ಕಚ್ಚಾ ಹೊಲಿಗೆಯ ಸಾಲುಗಳ ನಡುವೆ ಬಾಳೆ ನಾರಿನ ಒಂದು ಬಳ್ಳಿ, ಎರಡೆರಡು ಮಲ್ಲಿಗೆ ಮೊಗ್ಗು. ಮಣಿ ಹಾಕಿದ್ದು ಬರೀ 22. ಮೊದಲಾದರೆ ಅಷ್ಟೇ ಜಾಗಕ್ಕೆ 300 ಹಾಕುತ್ತಿದ್ದೆ. ಸೆರಗಿನ ಮೇಲೆ 1 ಎಳೆಯ ಗಾವಂತಿ ಮಾತ್ರ, ಚೌಕಳಿಯ ಗೆರೆ ಹಿಡಿದುಕೊಂಡು. ಎತ್ತಿ ಹಿಡಿದರೆ ಜೋತು ಬೀಳುವುದಿಲ್ಲ. ಅಮ್ಮ ಹೆಗಲ ಮೇಲೆ ಹಾಕಿಕೊಂಡು ನೋಡಿದರು, ಸುಮ್ನೆ ಕೈ ಆಡಿಸುತ್ತಾ ಕೂತರು.

ನಾರನ್ನು ನೀರಿಗೆ ಹಾಕುವ ಧೈರ್ಯ ನನಗಿನ್ನೂ ಇಲ್ಲ. ಪಟ್ಟಿಗೆ ಹುಕ್ಕು ಇಟ್ಟಿದ್ದೇನೆ, ಬಿಚ್ಚಿಡಬಹುದು.

ಮಗ್ಗದ ಮನೆ, ಕಿನ್ನಿಗೋಳಿ

ಫೋಟೋ ಅಮ್ಮನಿಗೆ ತೋರಿಸಿದೆ. ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದರು. "ಹಿಂಬದಿ ತೋರಿಸು" ಅಂದರು. ಹಿಂಬದಿಯ ಫೋಟೋ ಉಂಟಾ?

ಶಿರ್ವದ ಸೂಜಿ

ಫೋಟೋ ಬೇಡ ಅಣ್ಣ. ಶನಿವಾರ ಕಿನ್ನಿಗೋಳಿಗೆ ಬರುವುದುಂಟು, ಪಟ್ಟಿಯನ್ನೇ ತರುತ್ತೇನೆ. ಆ 6 ತುಂಡುಗಳನ್ನೂ ತರುತ್ತೇನೆ, ಮುದುಡಿದ್ದನ್ನೂ ಸೇರಿಸಿ. ಅಮ್ಮನಿಗೆ ಕನ್ನಡಕ ಹತ್ತಿರ ಇಟ್ಟುಕೊಳ್ಳಲು ಹೇಳಿ.